ಆಂಬುಲೆನ್ಸಿನ ಲೆಕ್ಕ ಸದನದಲ್ಲೇ ಕೇಳಬೇಕು

ಕಾಸರಗೋಡು ಜಿಲ್ಲೆಯ ಪೈವಳಿಕೆಯ ನಿವೃತ್ತ ಅಧ್ಯಾಪಕರೊಬ್ಬರು ಬರೆಯುತ್ತಾರೆ: "ಕಳೆದ ಸಂಚಿಕೆಯಲ್ಲಿ ಪಾರ್ಲಿಮೆಂಟಿನ ಆರೋಗ್ಯ ಸಮಿತಿ, ಅನುದಾನದ ಬೇಡಿಕೆ ಎಂದು ಪುಟಗಟ್ಟಲೆ ಬರೆದಿದ್ದೀರಿ. ನಮಗೆ ಅದರಿಂದ ಏನು ಪ್ರಯೋಜನ? ನಮ್ಮ ನೆರೆಮನೆಯವರಿಗೆ ರಾತ್ರಿ ಎದೆನೋವು ಬಂತು. ಎರಡು ಆಸ್ಪತ್ರೆ ಸುತ್ತಿ ಮಂಗಳೂರಿಗೆ ಮುಟ್ಟುವಾಗ ಬೆಳಗಾಗಿತ್ತು. ಪುಣ್ಯಕ್ಕೆ ಬದುಕಿದರು. ಇಂಥವರಿಗೆ ಬೇಕಾದ್ದು ಒಂದು ಒಳ್ಳೆಯ ಆಸ್ಪತ್ರೆ. ಅದಕ್ಕೆ ಹೋರಾಡುವುದು ಬಿಟ್ಟು ಸಮಿತಿಗಳ ಕಥೆ ಹೇಳುವುದು ಸರಿಯಾ?"

ಮಾಸ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆಸ್ಪತ್ರೆ ಬೇಕು, ಎರಡು ಮಾತಿಲ್ಲ. ಹೋರಾಟವೂ ಬೇಕು. ಬೀದಿಗಿಳಿದವರು ಇಲ್ಲದಿದ್ದರೆ ಈ ಜಿಲ್ಲೆಗೆ ಸಿಕ್ಕಿದ್ದಷ್ಟೂ ಸಿಗುತ್ತಿರಲಿಲ್ಲ. ಆದರೆ "ಸಮಿತಿಯಿಂದ ನಮಗೇನು" ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಷ್ಟೋ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ನೀವು ಲೆಕ್ಕ ಕೇಳುವ ಕೆಲಸವನ್ನೇ ಹಗುರ ಮಾಡಿದ್ದು ನನಗೆ ಬೇಸರ ತಂದಿತು.

ನಾವು ಇಷ್ಟು ವರ್ಷ ಕೇಳಿದ್ದೆಲ್ಲ ಕಟ್ಟಡ. ನಮಗೆ ಕೊಟ್ಟದ್ದೂ ಕಟ್ಟಡವೇ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರ ನವೆಂಬರಿನಲ್ಲಿ. 2020ರ ಏಪ್ರಿಲಿನಲ್ಲಿ ಅದರ ತರಗತಿ ಕಟ್ಟಡವನ್ನು ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಅಡಿಗಲ್ಲಿಗೆ ಹತ್ತು ವರ್ಷ ತುಂಬಿದಾಗಲೂ ಅಲ್ಲಿ ರೋಗಿಗಳನ್ನು ಮಲಗಿಸುವ ಪೂರ್ಣ ಆಸ್ಪತ್ರೆ ತಯಾರಾಗಿರಲಿಲ್ಲ. ತೆಕ್ಕಿಲಿನಲ್ಲಿ ಟಾಟಾದವರು ಕಟ್ಟಿಕೊಟ್ಟ ಆಸ್ಪತ್ರೆ 2020ರ ಸೆಪ್ಟೆಂಬರಿನಲ್ಲಿ ಸರಕಾರದ ಕೈಸೇರಿತು. ಕೋವಿಡ್ ಇಳಿದ ಮೇಲೆ ಅದೂ ಮೂಲೆಗೆ ಬಿತ್ತು. ಉದ್ಘಾಟನೆಯ ದಿನ ಎಲ್ಲರೂ ಬರುತ್ತಾರೆ, ಫೋಟೋ ಬರುತ್ತದೆ. ಆಮೇಲೆ ರಾತ್ರಿ ಪಾಳಿಗೆ ಎಷ್ಟು ಡಾಕ್ಟರು, ಹೃದಯದ ಡಾಕ್ಟರ ಹುದ್ದೆ ಖಾಲಿಯೋ ಭರ್ತಿಯೋ, ಆಂಬುಲೆನ್ಸು ಕರೆ ಬಂದ ಎಷ್ಟು ಹೊತ್ತಿಗೆ ಹೊರಟಿತು ಎಂದು ಕೇಳುವವರು ಯಾರು? ಹುದ್ದೆ, ಸಂಬಳ, ಡೀಸೆಲ್, ಆಕ್ಸಿಜನ್ ಇವೆಲ್ಲ ವರ್ಷ ವರ್ಷ ಬರಬೇಕಾದ ಹಣ. ಆ ಹಣದ ಬೆನ್ನು ಹತ್ತಿ ಹೋಗುವ ಅಧಿಕಾರ ಸದನದ ಸಮಿತಿಗಿದೆ, ಜಾಥಾಕ್ಕೆ ಇಲ್ಲ.

ನಮ್ಮ ಊರಲ್ಲಿ ದೇವಸ್ಥಾನದ ಬ್ರಹ್ಮಕಲಶೋತ್ಸವ ಮುಗಿದ ಮೇಲೆ ಏನಾಗುತ್ತದೆ, ನೆನಪಿಸಿಕೊಳ್ಳಿ. ಲೆಕ್ಕಪತ್ರ ಓದುವ ಸಭೆಗೆ ಜನ ಕಾದು ಕುಳಿತಿರುತ್ತಾರೆ. ಚಪ್ಪರಕ್ಕೆ ಇಷ್ಟು ಯಾಕೆ, ತೆಂಗಿನಕಾಯಿ ಅಷ್ಟು ಯಾಕೆ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿಯೇ ಕೇಳುತ್ತಾರೆ. ಯಾರೂ ಅವರನ್ನು ತಪ್ಪು ತಿಳಿಯುವುದಿಲ್ಲ. ನಾಡಿನ ಜೀವ ಉಳಿಸುವ ಹಣಕ್ಕೆ ಅಷ್ಟೇ ಜತನದಿಂದ ಯಾಕೆ ಕೇಳಬಾರದು?

ದಿಲ್ಲಿಯಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಶುರುವಾದದ್ದು 1993ರಲ್ಲಿ. ಈಗ ಒಂದೊಂದರಲ್ಲಿ 31 ಮಂದಿ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಆರೋಗ್ಯ ಇಲಾಖೆ ಕೇಳಿದ ಹಣವನ್ನು, ಅಂದರೆ ಅನುದಾನದ ಬೇಡಿಕೆಯನ್ನು, ಒಂದೊಂದೇ ಬಾಬ್ತಾಗಿ ಬಿಡಿಸಿ ನೋಡುವುದು ಈ ಸಮಿತಿ. ಸದನದಲ್ಲಿ ಆ ಪುರುಸೊತ್ತು ಇಲ್ಲ. 2018ರ ಮಾರ್ಚಿನಲ್ಲಿ ಲೋಕಸಭೆಯಲ್ಲಿ ಗದ್ದಲವೋ ಗದ್ದಲ. ಎಲ್ಲ ಇಲಾಖೆಗಳ ಬೇಡಿಕೆಗಳೂ ಚರ್ಚೆಯೇ ಇಲ್ಲದೆ ಪಾಸಾದವು. ಆರೋಗ್ಯದ್ದೂ ಅದರಲ್ಲೇ ಹೋಯಿತು. ಆ ವರ್ಷ ಆ ಹಣದ ಬಗ್ಗೆ ಯಾರಾದರೂ ನಾಲ್ಕು ಪ್ರಶ್ನೆ ಕೇಳಿದ್ದರೆ ಅದು ಸಮಿತಿಯ ಕೋಣೆಯಲ್ಲೇ. ನಮ್ಮ ದುರದೃಷ್ಟ, ಆ ಕೋಣೆಯ ಬಾಗಿಲು ಮುಚ್ಚಿರುತ್ತದೆ. ವರದಿ ಹೊರಬರುತ್ತದೆ, ಅಧಿಕಾರಿ ತಡವರಿಸಿದ್ದು ನಮಗೆ ಕಾಣುವುದಿಲ್ಲ.

ಬ್ರಿಟನ್ನಿನಲ್ಲಿ ಹಾಗಿಲ್ಲ. 2013ರಲ್ಲಿ ಅಲ್ಲಿನ ಸಂಸತ್ತಿನ ಆರೋಗ್ಯ ಸಮಿತಿ ತುರ್ತು ಚಿಕಿತ್ಸೆಯ ಮೇಲೆಯೇ ವಿಚಾರಣೆ ನಡೆಸಿತು. ತುರ್ತು ವಿಭಾಗಕ್ಕೆ ಬಂದವರಲ್ಲಿ ನೂರಕ್ಕೆ 95 ಮಂದಿಯನ್ನು 4 ಗಂಟೆಯೊಳಗೆ ನೋಡಿ, ದಾಖಲು ಮಾಡಬೇಕು ಅಥವಾ ಮನೆಗೆ ಕಳಿಸಬೇಕು ಎಂಬ ಗುರಿ ಆಗ ಅವರಲ್ಲಿತ್ತು. ಅದು ತಪ್ಪಿತು ಎಂದರೆ ಮಂತ್ರಿ, ಅಧಿಕಾರಿ, ಡಾಕ್ಟರು ಎಲ್ಲ ಕ್ಯಾಮೆರಾದ ಎದುರು ಕುಳಿತು ಉತ್ತರ ಹೇಳಬೇಕು. ಅವರ ಆಸ್ಪತ್ರೆಗಳಲ್ಲೂ ಜನ ಕಾಯುತ್ತಾರೆ, ಅದು ಬೇರೆ ಮಾತು. ಆದರೆ ಎಷ್ಟು ಹೊತ್ತು ಕಾದರು ಎಂಬುದು ಬರಹದಲ್ಲಿದೆ. ನಿಮ್ಮ ನೆರೆಯವರು ಎಷ್ಟು ಹೊತ್ತು ಕಾದರು ಎಂಬುದು ನಮ್ಮಲ್ಲಿ ಯಾವ ಪುಸ್ತಕದಲ್ಲಿದೆ?

ನಮ್ಮ ಸುಪ್ರೀಂ ಕೋರ್ಟು ಹೇಳಬೇಕಾದ್ದನ್ನು 1996ರಲ್ಲೇ ಹೇಳಿದೆ. ಪಶ್ಚಿಮ ಬಂಗಾಳದ ಒಬ್ಬ ಕೂಲಿಯಾಳು 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಒಂದರ ಮೇಲೊಂದು ಸರಕಾರಿ ಆಸ್ಪತ್ರೆಗೆ ಕೊಂಡುಹೋದರು. ಹಾಸಿಗೆ ಇಲ್ಲ, ಸೌಕರ್ಯ ಇಲ್ಲ ಎಂದೇ ಉತ್ತರ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಕೊಟ್ಟು ಜೀವ ಉಳಿಸಿಕೊಂಡ. ಸಮಯಕ್ಕೆ ಚಿಕಿತ್ಸೆ ಸಿಗುವುದು ಬದುಕುವ ಹಕ್ಕಿನ ಭಾಗ, ಹಣವಿಲ್ಲ ಎಂದು ಸರಕಾರ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು ಕೋರ್ಟು. ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಆದರೆ ಪ್ರತಿ ಬಜೆಟಿನಲ್ಲೂ ಹಣ ಇಟ್ಟರೋ ಇಲ್ಲವೋ ಎಂದು ಕೋರ್ಟು ಕಾಯಲಾಗುತ್ತದಾ? ಅದು ನಾವು ಓಟು ಹಾಕಿ ಕಳಿಸಿದವರ ಕೆಲಸ.

ಅವರು ಕೇಳಿದರೂ ಉತ್ತರ ಹೇಗೆ ಬರುತ್ತದೆ, ನೋಡಿ. ಆಸ್ಪತ್ರೆಯ ಬಗ್ಗೆ ಲೋಕಸಭೆಯಲ್ಲಿ ಬರುವ ಲಿಖಿತ ಉತ್ತರಗಳನ್ನು ತೆಗೆದು ಓದಿ. ಆರೋಗ್ಯ ರಾಜ್ಯದ ವಿಷಯ ಎಂಬ ವಾಕ್ಯ ಎಷ್ಟು ಕಡೆ ಸಿಗುತ್ತದೋ! ಸಂವಿಧಾನದ ಪ್ರಕಾರ ಅದು ಸರಿಯೇ. ಆದರೆ ಗಡಿಯವರ ಗತಿ? ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿಲೋಮೀಟರ್, ಮಂಜೇಶ್ವರದವರಿಗೆ ಇನ್ನೂ ಹತ್ತಿರ. ಕಣ್ಣೂರು ಜಿಲ್ಲೆಯ ಪರಿಯಾರದ ಮೆಡಿಕಲ್ ಕಾಲೇಜಿಗೆ ಹೋಗಬೇಕಾದರೆ ಜಿಲ್ಲೆಯನ್ನೇ ದಾಟಬೇಕು. ಅರ್ಜೆಂಟಾದಾಗ ಜನ ಬಡಗು ಮುಖ ಮಾಡಿಯೇ ಓಡುತ್ತಾರೆ. ಕೇರಳದ ಕಾರ್ಡು ಹಿಡಿದು ಕರ್ನಾಟಕದ ಆಸ್ಪತ್ರೆಗೆ ಹೋದವರ ಬಿಲ್ಲು ಯಾರು ಕಟ್ಟುತ್ತಾರೆ, ಎಷ್ಟು ದಿನಕ್ಕೆ ಕಟ್ಟುತ್ತಾರೆ? ಎರಡು ರಾಜ್ಯಗಳ ನಡುವಿನ ಈ ಪ್ರಶ್ನೆಯನ್ನು ದಿಲ್ಲಿಯ ಸಮಿತಿ ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ.

2020ರ ಮಾರ್ಚನ್ನು ನೀವು ಮರೆತಿರಲಾರಿರಿ. ಕೋವಿಡ್ ಎಂದು ಕರ್ನಾಟಕ ತಲಪಾಡಿಯ ಗಡಿಯನ್ನು ಬಂದ್ ಮಾಡಿತು. ಒಳದಾರಿಗಳಿಗೆ ಮಣ್ಣು ಸುರಿದರು. ಡಯಾಲಿಸಿಸಿನವರು, ಹೃದಯದ ಕಾಯಿಲೆಯವರು ಗಡಿಯಿಂದ ಹಿಂದೆ ಬಂದರು. ಚಿಕಿತ್ಸೆ ಸಿಗದೆ ಹಲವರು ಸತ್ತರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ಬಿಡಿಸಿ ಎಂದಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಸಂಸತ್ತು ಮಾರ್ಚ್ 23ಕ್ಕೇ ಎದ್ದಿತ್ತು. ಸೆಪ್ಟೆಂಬರ್ 14ಕ್ಕೆ ಮತ್ತೆ ಸೇರಿದಾಗ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿದ್ದರು. ಬರಹದ ಉತ್ತರ ಮಾತ್ರ. ಎದ್ದು ನಿಂತು ಮಂತ್ರಿಯನ್ನು ಮರುಪ್ರಶ್ನೆ ಕೇಳುವ ಅವಕಾಶ ಆ ಅಧಿವೇಶನದಲ್ಲಿ ನಮ್ಮವರಿಗೆ ಸಿಗಲೇ ಇಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಬೆಂಗಳೂರು ನವೆಂಬರ್ 1ಕ್ಕೆ ನಮ್ಮನ್ನು ನೆನೆದು ಕಣ್ಣೀರು ಹಾಕುತ್ತದೆ, ಕಷ್ಟ ಬಂದಾಗ ಗೇಟು ಹಾಕುತ್ತದೆ. ತಿರುವನಂತಪುರಕ್ಕೆ ನಾವು ರಾಜ್ಯದ ತುದಿ.

ನಮ್ಮ ಕಡೆಯೂ ಕೊರತೆ ಇದೆ. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರನ್ನು ಅವಿರೋಧವಾಗಿ ಕೇರಳ ವಿಧಾನಸಭೆಗೆ ಕಳಿಸಿದ ಊರು ನಮ್ಮದು. ಆಗಿನಿಂದ ನಾವು ಜನಪ್ರತಿನಿಧಿಗಳನ್ನು ಅಳೆದದ್ದು ಹೆಚ್ಚಾಗಿ ಗಡಿಯ ಮಾತಿನಲ್ಲೇ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಲಿ ಎಂದ ಮಹಾಜನ ವರದಿ ಬಂದ ಮೇಲಂತೂ ಕೇಳುವುದೇ ಬೇಡ. ಕೇರಳ ವಿಧಾನಸಭೆ ವಿಷಯ ಸಮಿತಿಗಳನ್ನು 1980ರಷ್ಟು ಹಿಂದೆಯೇ ಶುರು ಮಾಡಿದೆ, ದಿಲ್ಲಿಗಿಂತ ಮೊದಲು. ಆರೋಗ್ಯದ ಬೇಡಿಕೆ ಅಲ್ಲಿಗೂ ಹೋಗುತ್ತದೆ. ಕಾಸರಗೋಡಿನ ಜನರಲ್ ಆಸ್ಪತ್ರೆ, ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ ಬಗ್ಗೆ ಅಲ್ಲಿ ಏನು ಕೇಳಿದಿರಿ ಎಂದು ನಾವು ಯಾವ ಶಾಸಕರನ್ನು ಯಾವತ್ತು ವಿಚಾರಿಸಿದ್ದೇವೆ?

ಮತ್ತೆ ಭಾಷೆ. ನಮ್ಮ ಚಿಕ್ಕಮ್ಮನನ್ನು ಒಮ್ಮೆ ರಾತ್ರಿ ಕ್ಯಾಶುವಾಲಿಟಿಗೆ ಕೊಂಡುಹೋಗಿದ್ದರು. ಆಸ್ಪತ್ರೆಯ ಹೆಸರು ಬೇಡ. ನೋವು ಯಾವಾಗ ಶುರುವಾಯಿತು, ಯಾವ ಮಾತ್ರೆ ತಿನ್ನುತ್ತೀರಿ ಎಂದು ಡ್ಯೂಟಿ ಡಾಕ್ಟರು ಮಲಯಾಳದಲ್ಲಿ ಕೇಳುತ್ತಾರೆ. ಅವರಿಗೆ ಕನ್ನಡ ಬರುವುದಿಲ್ಲ, ಚಿಕ್ಕಮ್ಮನಿಗೆ ಮಲಯಾಳ ಬರುವುದಿಲ್ಲ. ಕೊನೆಗೆ ಕರೆದುಕೊಂಡು ಹೋದ ರಿಕ್ಷಾದವನೇ ನಡುವೆ ನಿಂತು ಎರಡೂ ಕಡೆಗೆ ಹೇಳಿದ. ಅವಳ ಸಕ್ಕರೆ ಕಾಯಿಲೆಯ ಮಾತ್ರೆ ಯಾವುದೆಂದು ಆ ಹುಡುಗನಿಗೇನು ಗೊತ್ತು? ಡಾಕ್ಟರರ ತಪ್ಪು ಅದರಲ್ಲಿಲ್ಲ. ಕನ್ನಡ ಬಲ್ಲವರ ಹುದ್ದೆಗೆ ಹಣ ಇಟ್ಟಿದ್ದೀರಾ ಎಂಬುದೂ ಬಜೆಟಿನ ಪ್ರಶ್ನೆಯೇ, ಅಲ್ವಾ?

ಹಾಗಾಗಿ ಮಾಸ್ಟ್ರೇ, ನಿಮಗೊಂದು ಕೆಲಸ ಕೊಡುತ್ತೇನೆ. ನೆರೆಯವರ ಮನೆಗೆ ಹೋಗಿ ಆ ರಾತ್ರಿಯ ರೆಫರ್ ಚೀಟಿಗಳನ್ನು ಕೇಳಿ ತನ್ನಿ. ಫೋನ್ ಮಾಡಿದ್ದು ಎಷ್ಟು ಗಂಟೆಗೆ, ಆಂಬುಲೆನ್ಸ್ ಬಂದದ್ದು ಎಷ್ಟಕ್ಕೆ, ಯಾವ ಆಸ್ಪತ್ರೆ ಯಾವ ಕಾರಣ ಹೇಳಿ ಕಳಿಸಿತು, ಎಲ್ಲ ಬರೆದಿಡಿ. ಉಳಿದ ಓದುಗರೂ ಹೀಗೆ ಕಳಿಸಿದರೆ ಒಟ್ಟು ಸೇರಿಸಿ ಸಂಸದರಿಗೆ, ಶಾಸಕರಿಗೆ, ಸಂಸತ್ತು, ಕೇರಳ ವಿಧಾನಸಭೆ ಎರಡರ ಸಮಿತಿಗಳಿಗೂ ಮನವಿ ಕೊಡೋಣ. ತಿರುವನಂತಪುರಕ್ಕೆ ಹೋಗುವ ಪ್ರತಿ ಕನ್ನಡದಲ್ಲೇ ಇರಲಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ನಮಗೆ ಆ ಹಕ್ಕು ಕೊಟ್ಟಿದೆ. ಉತ್ತರ ಮಲಯಾಳದಲ್ಲಿ ಬಂದರೆ ಅದನ್ನೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.