ಸದ್ದಿಲ್ಲದಿದ್ದರೆ ಸಾಕೆ?

ಓದುಗರ ಪತ್ರ (ಸಂಗ್ರಹ): ನಾನು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಭಾಷೆ ಕಲಿಸುವ ಶಿಕ್ಷಕಿ. ಈ ವರ್ಷ ದಿನವೂ ಓದಿನ ಪಿರಿಯಡ್‌ನ ಮೊದಲ ಇಪ್ಪತ್ತು ನಿಮಿಷವನ್ನು ಮಕ್ಕಳು ತಾವೇ ಆರಿಸಿಕೊಂಡ ಪುಸ್ತಕ ಓದಲು ಬಿಟ್ಟಿದ್ದೇನೆ. ಹದಿನಾಲ್ಕು ನಿಯಮಗಳನ್ನು ಗೋಡೆಗೆ ಅಂಟಿಸಿ ಎಲ್ಲರಿಂದಲೂ ಸಹಿ ಪಡೆದಿದ್ದೇನೆ. ಮಾತನಾಡಬಾರದು, ಎದ್ದು ಓಡಾಡಬಾರದು, ಹಿಡಿದ ಪುಸ್ತಕ ಮುಗಿಯದೆ ಇನ್ನೊಂದನ್ನು ಮುಟ್ಟಬಾರದು, ಕಾಮಿಕ್ಸ್ ತರಬಾರದು, ಎಷ್ಟು ಪುಟ ಓದಿದೆನೆಂದು ಬರೆದು ವಾರಕ್ಕೊಮ್ಮೆ ಪೋಷಕರ ಸಹಿ ಹಾಕಿಸಿಕೊಂಡು ಬರಬೇಕು, ಪುಸ್ತಕ ಮುಗಿದ ಮೇಲೆ ಕಿರುಪರೀಕ್ಷೆ, ಹೆಚ್ಚು ಓದಿದವರಿಗೆ ಬಹುಮಾನ, ಹೀಗೆ. ಈಗ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆ. ಆದರೆ ‘ಈ ಪುಸ್ತಕ ಮನೆಗೆ ಒಯ್ಯಲೇ’ ಎಂದು ಕೇಳುವವರು ಒಬ್ಬರೂ ಇಲ್ಲ. ‘ಆ ಹೊತ್ತಿನಲ್ಲಿ ಪಾಠವನ್ನಾದರೂ ಮಾಡು’ ಎನ್ನುತ್ತಾರೆ ಒಬ್ಬ ಸಹೋದ್ಯೋಗಿ. ‘ನಿಯಮಗಳನ್ನೆಲ್ಲ ಕಿತ್ತು ಹಾಕು, ಮಕ್ಕಳು ತಾವಾಗಿ ಓದುತ್ತಾರೆ’ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ? ಕೊನೆಯದಾಗಿ, ಮಕ್ಕಳು ಓದುವಾಗ ನಾನು ಏನು ಮಾಡುತ್ತಿರಬೇಕು?

ಸಂಪಾದಕರ ಉತ್ತರ:

ಇಬ್ಬರ ಮಾತನ್ನೂ ಕೇಳಬೇಡಿ. ನಿಯಮಗಳೂ ಬೇಕು, ಇಪ್ಪತ್ತು ನಿಮಿಷವೂ ಬೇಕು. ನನ್ನ ತಕರಾರು ಇರುವುದು ನಿಮ್ಮ ಪಟ್ಟಿಯ ಮೇಲೆ. ಅದನ್ನು ಮುಂದಿಟ್ಟುಕೊಂಡು ನೋಡಿದರೆ ಎರಡು ಜಾತಿಯ ನಿಯಮಗಳು ಒಂದೇ ಹಾಳೆಯಲ್ಲಿ ಸೇರಿಕೊಂಡಿರುವುದು ಕಾಣುತ್ತದೆ. ಕೆಲವು, ಓದುವ ಮಗುವನ್ನು ಪಕ್ಕದವರ ಕಾಟದಿಂದ ಕಾಯುತ್ತವೆ. ಉಳಿದವು ಓದುವ ಮಗುವನ್ನೇ ಕಳ್ಳನೆಂಬಂತೆ ಕಾಯುತ್ತವೆ. ಮೊದಲನೆಯವನ್ನು ಇನ್ನಷ್ಟು ಬಿಗಿ ಮಾಡಿ, ಎರಡನೆಯವನ್ನು ಹರಿದು ಹಾಕಿ.

ಬಿಗಿ ಮಾಡಿ ಎಂದದ್ದು ತಮಾಷೆಗಲ್ಲ. ಹನ್ನೆರಡು ಹದಿಮೂರರ ವಯಸ್ಸು ಹೇಗಿರುತ್ತದೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪಕ್ಕದವನು ಪಿಸುಗುಟ್ಟಿದರೆ ಮೊದಲು ಹಾಳಾಗುವುದು ತಡವರಿಸುತ್ತಾ ಓದುವ ಮಗುವಿನ ಓದು. ಸರಾಗವಾಗಿ ಓದುವವನು ಸಂತೆಯಲ್ಲಿ ಕೂತರೂ ಓದಿಯಾನು. ಆದ್ದರಿಂದ ಮಾತು ಬೇಡ, ಓಡಾಟ ಬೇಡ, ಮೊಬೈಲ್ ಚೀಲದೊಳಗಿರಲಿ, ಗಂಟೆ ಹೊಡೆಯುವಷ್ಟರಲ್ಲಿ ಪುಸ್ತಕ ಕೈಯಲ್ಲಿರಲಿ. ಇವನ್ನು ಗೋಡೆಗೆ ಅಂಟಿಸಿದರೆ ಸಾಲದು, ಮಾಡಿಸಿ ಅಭ್ಯಾಸ ಮಾಡಿಸಬೇಕು. ಕಪಾಟಿನ ಮುಂದೆ ನಿಂತು ಪುಸ್ತಕ ಹುಡುಕುವುದು ಓದಿನ ಹೊತ್ತಿನಲ್ಲಲ್ಲ, ಹಿಂದಿನ ದಿನವೇ. ನಡುವೆ ಪುಸ್ತಕ ಮುಗಿದುಹೋದರೆ? ಮುಗಿಯುತ್ತಾ ಬಂದಿದ್ದರೆ ಎರಡನೆಯ ಪುಸ್ತಕ ಮೇಜಿನ ಮೇಲೆ ಸಿದ್ಧವಾಗಿರಬೇಕು. ಶೌಚಾಲಯಕ್ಕೆ ಹೋಗಬೇಕಾದರೆ? ಬಾಯಿ ತೆರೆಯದೆ ಕೇಳಲು ಒಂದು ಸನ್ನೆ. ಇಂಥ ಸಣ್ಣಪುಟ್ಟ ಸಂಗತಿಗಳಲ್ಲೇ ಇಪ್ಪತ್ತು ನಿಮಿಷ ಹನ್ನೆರಡಕ್ಕೆ ಇಳಿಯುವುದು. ಮೊದಲ ವಾರ ಎಂಟು ಹತ್ತು ನಿಮಿಷದ ಓದಿನಿಂದಲೇ ಆರಂಭಿಸಿ ಮೆಲ್ಲಗೆ ಹೆಚ್ಚಿಸಿದರೂ ನಷ್ಟವಿಲ್ಲ.

ಇನ್ನು ಹರಿದು ಹಾಕಬೇಕಾದವು. ‘ಮುಗಿಯದೆ ಬಿಡಬಾರದು’ ಎಂಬುದನ್ನು ಓದಿ ನನಗೆ ನಗು ಬಂತು. ನನ್ನ ಮೇಜಿನ ಮೇಲೆ ಬಂದು ಬೀಳುವ ಹಸ್ತಪ್ರತಿಗಳಲ್ಲಿ ಎಷ್ಟನ್ನು ನಾನು ಎರಡನೆಯ ಪುಟಕ್ಕೇ ಕೆಳಗಿಡುತ್ತೇನೆ ಎಂಬುದು ಬಹಿರಂಗವಾದರೆ ಈ ಪತ್ರಿಕೆಗೆ ಬರೆಯುವವರೇ ಇರಲಾರರು. ಬೆಳೆದವರಿಗೆ ಇರುವ ಈ ಸ್ವಾತಂತ್ರ್ಯ ಮಕ್ಕಳಿಗೆ ಯಾಕಿಲ್ಲ? ಹಿಡಿಸದ ಪುಸ್ತಕವನ್ನು ಬಿಡಲಿ. ಎರಡು ಷರತ್ತು ಸಾಕು: ಒಂದಿಷ್ಟು ಪುಟ ಓದಿ ನೋಡಿರಬೇಕು, ಯಾಕೆ ಬಿಟ್ಟೆನೆಂದು ನಿಮಗೆ ಒಂದು ವಾಕ್ಯದಲ್ಲಿ ಹೇಳಬೇಕು. ‘ಬೋರು’ ಎಂಬುದು ಕಾರಣವಲ್ಲ. ‘ಊರಿನ ವರ್ಣನೆಯೇ ಮುಗಿಯಲಿಲ್ಲ’ ಎಂಬುದು ಕಾರಣ. ಹಾಗೆ ಹೇಳಬಲ್ಲ ಮಗು ತನಗೆ ಎಂಥ ಪುಸ್ತಕ ಬೇಕೆಂಬುದನ್ನು ಅರ್ಧ ತಿಳಿದುಕೊಂಡಾಗಿದೆ.

ಒಂದರ ಮೇಲೊಂದರಂತೆ ನಾಲ್ಕೈದು ಪುಸ್ತಕ ಬಿಡುವ ಮಗುವಿನ ವಿಷಯ ಬೇರೆ. ಅಲ್ಲಿ ಹೆಚ್ಚಾಗಿ ಅಡ್ಡಬರುವುದು ಅಭಿರುಚಿಯಲ್ಲ, ಅಕ್ಷರ. ಅಮೆರಿಕದ ಶಿಕ್ಷಣತಜ್ಞ ಎಮ್ಮೆಟ್ ಬೆಟ್ಸ್ 1946ರಲ್ಲಿ ಕೊಟ್ಟ ಅಳತೆ ಇವತ್ತಿಗೂ ತರಗತಿಗಳಲ್ಲಿ ಬಳಕೆಯಲ್ಲಿದೆ. ಮಗು ಒಂಟಿಯಾಗಿ ಓದಬೇಕಾದರೆ ನೂರು ಪದಗಳಲ್ಲಿ ತೊಂಬತ್ತೊಂಬತ್ತನ್ನು ಸರಿಯಾಗಿ ಓದುವಂತಿರಬೇಕು. ತೊಂಬತ್ತೈದಾದರೆ ಶಿಕ್ಷಕರು ಜೊತೆಗಿರಬೇಕು. ತೊಂಬತ್ತಕ್ಕಿಂತ ಕೆಳಗಿಳಿದರೆ ಮಗು ಕೈಚೆಲ್ಲುತ್ತದೆ. ಪುಟದಲ್ಲಿ ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಿಸುತ್ತಾ ಹೋಗಿ ಐದೂ ಬೆರಳು ಮಡಿಸಿದರೆ ಸದ್ಯಕ್ಕೆ ಆ ಪುಸ್ತಕ ಬೇಡ ಎನ್ನುವ ಉಪಾಯವನ್ನು ಮಕ್ಕಳಿಗೆ ಕಲಿಸಿಕೊಡಿ.

ಆದರೆ ಈ ಅಳತೆಯನ್ನು ಪುಸ್ತಕಕ್ಕೆ ಹಿಡಿಯಿರಿ, ಮಗುವಿನ ಹಣೆಗೆ ಅಂಟಿಸಬೇಡಿ. ಡಾನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 1988ರಲ್ಲಿ ಪ್ರಕಟಿಸಿದ ಪ್ರಯೋಗ ನಿಮ್ಮ ಮಕ್ಕಳ ವಯಸ್ಸಿನವರದೇ. ಏಳು, ಎಂಟನೆಯ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ಭಾಗದ ವರ್ಣನೆಯನ್ನು ಓದಲು ಕೊಟ್ಟು, ಪುಟ್ಟದೊಂದು ಮಾದರಿ ಮೈದಾನದಲ್ಲಿ ಮರದ ಬೊಂಬೆಗಳನ್ನು ಸರಿಸಿ ಆ ಆಟವನ್ನು ಆಡಿಸಿ ತೋರಿಸಲು ಹೇಳಿದರು. ಓದಿನಲ್ಲಿ ಹಿಂದೆ ಇದ್ದರೂ ಆಟದ ಒಳಹೊರಗು ಬಲ್ಲ ಮಕ್ಕಳು, ಆಟದ ಗಂಧವಿಲ್ಲದ ಜಾಣ ಓದುಗರನ್ನು ಸಲೀಸಾಗಿ ಮೀರಿಸಿದರು. ಅಂದರೆ ಹುಳುಹುಪ್ಪಟೆಯ ಹುಚ್ಚು ಹತ್ತಿದ ಹುಡುಗನ ಕೈಗೆ ಹುಳುಗಳ ಬಗ್ಗೆ ಬರೆದ ದಪ್ಪ ಪುಸ್ತಕ ಕೊಟ್ಟರೆ ಅವನು ಈ ಅಳತೆ ಹೇಳುವ ತನ್ನ ಮಟ್ಟವನ್ನು ದಾಟಿ ಹೋಗಬಹುದು. ಬೆರಳು ಮಡಿಸುವ ಲೆಕ್ಕ ಅವನಿಗೆ ಬೇಡ.

ಪುಟಗಳ ಲೆಕ್ಕ, ಪೋಷಕರ ಸಹಿ, ಬಹುಮಾನ: ಈ ಮೂರನ್ನೂ ಒಟ್ಟಿಗೆ ಹೊರಗೆ ಹಾಕಿ. ಸಹಿಯ ಹಾಳೆ ಭಾನುವಾರ ರಾತ್ರಿ ಒಂದೇ ಪೆನ್ನಿನಲ್ಲಿ, ಒಂದೇ ಓಟದ ಅಕ್ಷರದಲ್ಲಿ ತುಂಬುತ್ತದೆ ಎಂಬುದು ನಿಮಗೆ ತಿಳಿಯದ್ದಲ್ಲ. ಎರಡು, ಮೂರನೆಯ ತರಗತಿಯ ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಓದಿನ ದಾಖಲೆ ಬರೆಯಲೇಬೇಕೆಂದು ಹೇಳಿಸಿಕೊಂಡ ಮಕ್ಕಳ ಆಸಕ್ತಿ ಇಳಿಯಿತು, ಬೇಕಾದರೆ ಬರೆಯಿರಿ ಎನ್ನಿಸಿಕೊಂಡವರದು ಏರಿತು. ಬಹುಮಾನದ ಕಥೆ ಇನ್ನೂ ಹಳೆಯದು. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಬಣ್ಣದ ಪೆನ್ನುಗಳಿಂದ ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಬರೆಸಿದರು, ಕೊಟ್ಟರು. ಕೆಲವು ದಿನಗಳ ಮೇಲೆ ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಆ ಬಣ್ಣದ ಪೆನ್ನುಗಳನ್ನು ಹಿಡಿದರು. ಅವರೆಲ್ಲರೂ ಮೊದಲು ಇಷ್ಟಪಟ್ಟೇ ಚಿತ್ರ ಬರೆಯುತ್ತಿದ್ದವರು ಎಂಬುದನ್ನು ಗಮನಿಸಿ. ನೀವು ಬಹುಮಾನ ಕೊಡುತ್ತಿರುವುದೂ ಹೆಚ್ಚು ಓದುವವರಿಗೇ ಅಲ್ಲವೇ?

ಕಾಮಿಕ್ಸ್ ಬರಲಿ. ಓದಿದ್ದನ್ನೇ ಮತ್ತೆ ಓದುವವರೂ ಇರಲಿ. ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

‘ಪಾಠ ಮಾಡು’ ಎಂಬ ಸಹೋದ್ಯೋಗಿಗೆ ಒಂದು ಅಂಕಿಅಂಶ ತೋರಿಸಿ. ಆಂಡರ್ಸನ್, ವಿಲ್ಸನ್ ಮತ್ತು ಫೀಲ್ಡಿಂಗ್ 1988ರಲ್ಲಿ, ಐದನೆಯ ತರಗತಿಯ ಮಕ್ಕಳು ಶಾಲೆಯ ಹೊರಗೆ ಹೊತ್ತು ಕಳೆಯುವ ಬಗೆಯನ್ನು ಲೆಕ್ಕ ಹಾಕಿದರು. ಓದುವವರ ಸಾಲಿನಲ್ಲಿ ತೀರಾ ಮುಂದಿದ್ದ ಮಗು ದಿನಕ್ಕೆ 65 ನಿಮಿಷ ಪುಸ್ತಕ ಓದುತ್ತಿತ್ತು. ಸಾಲಿನ ನಡುವೆ ನಿಂತ ಮಗು ಓದುತ್ತಿದ್ದುದು 4.6 ನಿಮಿಷ. ಹಿಂದಿನವರ ಓದು ನಿಮಿಷದ ಲೆಕ್ಕಕ್ಕೂ ಸಿಗುವಂತಿರಲಿಲ್ಲ. ನಿಮ್ಮ ಇಪ್ಪತ್ತು ನಿಮಿಷ ನಡುವಿನ ಮಗುವಿಗೆ ನಾಲ್ಕು ದಿನದ ಓದು. ಹಿಂದಿನ ಮಗುವಿಗಂತೂ ಅದನ್ನು ಬಿಟ್ಟರೆ ಬೇರೆ ಓದೇ ಇಲ್ಲ.

ಹಾಗೆಂದು ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದ ವರದಿಯಲ್ಲಿ, ಮಾರ್ಗದರ್ಶನವಿಲ್ಲದೆ ಸುಮ್ಮನೆ ಮೌನವಾಗಿ ಓದಲು ಬಿಟ್ಟರೆ ಓದಿನ ಸರಾಗತೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು ಹೇಳಿತು. ಪುರಾವೆ ಸಾಲದು ಎಂಬುದನ್ನೇ ಓದು ದಂಡ ಎಂಬುದಾಗಿ ಅರ್ಥಮಾಡಿಕೊಂಡು ಪುಸ್ತಕ ಮುಚ್ಚಿಸಿದವರಿದ್ದಾರೆ. ಅದು ಅವಸರದ ತೀರ್ಮಾನ. ಆದರೆ ಮಕ್ಕಳ ಕೈಗೆ ಪುಸ್ತಕ ಕೊಟ್ಟು ಶಿಕ್ಷಕರು ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತರೆ ಆಗುವುದು ಅಷ್ಟರಲ್ಲೇ ಇದೆ. ನಿಮ್ಮ ಕೊನೆಯ ಪ್ರಶ್ನೆಯನ್ನು ನೀವು ಮೊದಲಿಗೇ ಕೇಳಬೇಕಿತ್ತು.

ಮೊದಲ ವಾರ ನೀವೂ ಒಂದು ಪುಸ್ತಕ ಹಿಡಿದು ಎದುರಿಗೆ ಕೂತು ಓದಿ. ದೊಡ್ಡವರು ಓದುವುದನ್ನು ಕಣ್ಣಾರೆ ಕಾಣದ ಮಕ್ಕಳಿರುತ್ತಾರೆ. ಆಮೇಲೆ ಎದ್ದು ಓಡಾಡಿ. ‘ಓಡಾಡಬಾರದು’ ಎಂಬ ನಿಯಮ ನಿಮಗಲ್ಲ. ಓದುವ ನಟನೆ ಮಾಡುವವರು ಬೇಗ ಕಣ್ಣಿಗೆ ಬೀಳುತ್ತಾರೆ. ಪುಟ ತಿರುವುವುದು ಗಡಿಯಾರದಂತೆ ಒಂದೇ ಸಮ, ಎಡಪುಟದಲ್ಲಿ ಪೂರ್ತಿ ಚಿತ್ರವಿದ್ದರೂ ಅಷ್ಟೇ ಹೊತ್ತು. ದಿನಕ್ಕೊಂದು ಹೊಸ ದಪ್ಪ ಪುಸ್ತಕ. ನೀವು ಹತ್ತಿರ ಬಂದ ಕ್ಷಣ ಹುಬ್ಬು ಗಂಟಿಕ್ಕಿಕೊಳ್ಳುತ್ತದೆ. ನಿಜವಾಗಿ ಓದುತ್ತಿರುವ ಹುಡುಗಿ ನೀವು ಬಂದದ್ದನ್ನೇ ಗಮನಿಸುವುದಿಲ್ಲ, ಮಾತನಾಡಿಸಿದರೆ ಸ್ವಲ್ಪ ಸಿಡುಕುತ್ತಾಳೆ ಕೂಡ. ಆ ಸಿಡುಕನ್ನು ಅಶಿಸ್ತು ಎಂದುಕೊಳ್ಳಬೇಡಿ.

ಒಬ್ಬೊಬ್ಬರ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ನಾಲ್ಕು ನಿಮಿಷ ಕೂರಿ. ದಿನಕ್ಕೆ ಐದು ಮಕ್ಕಳಾದರೆ ನಲವತ್ತು ಮಕ್ಕಳ ತರಗತಿ ಎಂಟು ಪಿರಿಯಡ್‌ಗೆ ಒಂದು ಸುತ್ತು ಮುಗಿಯುತ್ತದೆ. ಕಥೆಯ ಸಾರಾಂಶ ಕೇಳಬೇಡಿ, ಅದು ಹಿಂಬದಿಯ ರಕ್ಷಾಪುಟದಲ್ಲೇ ಸಿಗುತ್ತದೆ (ನಿಮ್ಮ ಕಿರುಪರೀಕ್ಷೆಗೂ ಅಷ್ಟೇ ಸಾಕಾಗುತ್ತಿರಬೇಕು). ‘ಈಗ ಎಲ್ಲಿದ್ದೀಯ? ಇಲ್ಲಿ ಇವಳು ಸುಳ್ಳು ಹೇಳಿದಳಲ್ಲ, ಯಾಕೆ? ಈ ಪ್ಯಾರಾವನ್ನು ನನಗಷ್ಟೇ ಕೇಳುವ ಹಾಗೆ ಓದು’ ಎನ್ನಿ. ಒಂದು ನೋಟ್‌ಪುಸ್ತಕದಲ್ಲಿ ತಾರೀಕು, ಪುಸ್ತಕ, ಪುಟ, ಒಂದು ಸಾಲು ಬರೆದುಕೊಳ್ಳಿ. ಓಡಾಡುವಾಗ ಉಳಿದವರ ಪುಟಸಂಖ್ಯೆಯನ್ನೂ ಗುರುತು ಹಾಕಿಕೊಳ್ಳಿ. ಸೋಮವಾರ 34ನೆಯ ಪುಟದಲ್ಲಿದ್ದವನು ಗುರುವಾರ 36ರಲ್ಲಿದ್ದರೆ ಪೋಷಕರ ಸಹಿ ಹೇಳದ್ದನ್ನು ಆ ಎರಡು ಅಂಕಿಗಳೇ ಹೇಳುತ್ತವೆ.

ಆ ಒಂದು ಸಾಲಿನ ಟಿಪ್ಪಣಿಗಳಿಂದಲೇ ನಿಮ್ಮ ಪಾಠ ಹುಟ್ಟುತ್ತದೆ. ಈ ವಯಸ್ಸಿನ ಮಕ್ಕಳು ಮುಗ್ಗರಿಸುವ ಜಾಗಗಳು ಬಹುಮಟ್ಟಿಗೆ ಒಂದೇ. ‘ಎಂದನು’, ‘ಎಂದಳು’ ಇಲ್ಲದೆ ಸಂಭಾಷಣೆ ಅರ್ಧ ಪುಟ ಓಡಿದರೆ ಯಾರ ಮಾತು ಯಾವುದೆಂದು ತಪ್ಪಿಹೋಗುತ್ತದೆ. ಅಧ್ಯಾಯ ಆರಂಭವಾದಾಗ ಕಥೆ ಹಿಂದಿನ ವರ್ಷಕ್ಕೆ ಜಿಗಿದದ್ದು ತಿಳಿಯುವುದಿಲ್ಲ, ಸತ್ತುಹೋದ ಅಜ್ಜ ಮತ್ತೆ ಮಾತನಾಡುತ್ತಿದ್ದರೂ ಅನುಮಾನ ಬರುವುದಿಲ್ಲ. ಕಥೆ ಹೇಳುವ ‘ನಾನು’ ಸುಳ್ಳುಗಾರನಿರಬಹುದು ಎಂಬುದು ಹೊಳೆಯುವುದೇ ಇಲ್ಲ. ನಾಲ್ಕು ಮಕ್ಕಳ ಹೆಸರಿನ ಮುಂದೆ ಒಂದೇ ಟಿಪ್ಪಣಿ ಕಂಡುಬಂದರೆ ಮರುದಿನ ಕಪ್ಪುಹಲಗೆಯ ಮೇಲೆ ಅಂಥದೊಂದು ಪ್ಯಾರಾ ಬರೆದು ಏಳೆಂಟು ನಿಮಿಷ ಅದನ್ನೇ ಬಿಡಿಸಿ. ನಿಮ್ಮ ಸಹೋದ್ಯೋಗಿ ಕೇಳಿದ ಪಾಠ ಇದೇ. ಮುಖ್ಯೋಪಾಧ್ಯಾಯರು ಅಂಕ ಕೇಳಿದರೆ ಹದಿನೈದು ದಿನಕ್ಕೊಮ್ಮೆ ಮಗು ತಾನು ಓದುತ್ತಿರುವುದರ ಬಗ್ಗೆ ನಿಮಗೆ ಬರೆಯುವ ಅರ್ಧ ಪುಟದ ಪತ್ರಕ್ಕೆ ಕೊಡಿ.

ಇನ್ನು ಪುಸ್ತಕ ಮನೆಗೆ ಒಯ್ಯಲು ಯಾರೂ ಕೇಳುತ್ತಿಲ್ಲ ಎಂಬ ಮಾತು. ಕಪಾಟಿನಲ್ಲಿ ಏನೇನು ಇದೆ ಎಂದು ನೀವು ಬರೆದಿಲ್ಲ. ಯಾರೋ ದಾನ ಕೊಟ್ಟ ನೀತಿಬೋಧೆಯ ಪುಸ್ತಕಗಳು, ಹಳೆಯ ಮಾರ್ಗದರ್ಶಿಗಳು ಬೆನ್ನು ತೋರಿಸಿಕೊಂಡು ನಿಂತಿದ್ದರೆ ಮಕ್ಕಳನ್ನು ದೂರಬೇಡಿ. ವಾರಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಎಂಬ ಸಂಶೋಧಕರು 1980ರ ದಶಕದ ಆರಂಭದಲ್ಲಿ ಫಿಜಿಯ ಗ್ರಾಮೀಣ ಶಾಲೆಗಳ ತರಗತಿಗಳಿಗೆ ತಲಾ ಸುಮಾರು 250 ಸಚಿತ್ರ ಕಥೆಪುಸ್ತಕ ಕೊಟ್ಟರು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿದ್ದ ಆ ಮಕ್ಕಳು, ಎಂದಿನ ಪಾಠವಷ್ಟೇ ಕೇಳಿದವರನ್ನು ಓದಿನಲ್ಲಿ ಹಿಂದೆ ಹಾಕಿದರು. 250 ಸಿಗದಿದ್ದರೆ ಬೇಡ. ಇದ್ದುದರಲ್ಲೇ ಹತ್ತನ್ನು ಮುಖಪುಟ ಕಾಣುವಂತೆ ನಿಲ್ಲಿಸಿ. ದಿನಕ್ಕೊಂದನ್ನು ಎತ್ತಿ ಮೊದಲ ಪುಟವನ್ನು ಗಟ್ಟಿಯಾಗಿ ಓದಿ, ಬಾಗಿಲು ತೆರೆಯುವಷ್ಟರಲ್ಲಿ ನಿಲ್ಲಿಸಿಬಿಡಿ. ಮುಂದೇನಾಯಿತೆಂದು ಕೇಳಿದರೆ ಹೇಳಬೇಡಿ.

ಪತ್ರದ ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದೀರಿ: ಏಳನೆಯ ತರಗತಿಯ ಹುಡುಗಿಯೊಬ್ಬಳು ಗಣಿತದ ಪಿರಿಯಡ್‌ನಲ್ಲಿ ಮೇಜಿನ ಕೆಳಗೆ ಕಥೆಪುಸ್ತಕ ಓದಿ ಸಿಕ್ಕಿಬಿದ್ದಿದ್ದಾಳೆ, ಗಣಿತದ ಶಿಕ್ಷಕರು ನಿಮ್ಮ ಮೇಲೆ ಕೆಂಡ ಕಾರುತ್ತಿದ್ದಾರೆ. ಅವರ ಕೋಪ ನ್ಯಾಯವಾದದ್ದೇ. ಅವಳಿಗೆ ಬುದ್ಧಿ ಹೇಳಿ, ಅವರಲ್ಲಿ ಕ್ಷಮೆ ಕೇಳಿಸಿ, ಪುಸ್ತಕವನ್ನು ಮಾತ್ರ ಕಿತ್ತಿಟ್ಟುಕೊಳ್ಳಬೇಡಿ. ಆ ಪುಸ್ತಕ ಯಾವುದೆಂದು ಬರೆಯುವುದನ್ನು ಮರೆತಿದ್ದೀರಿ. ಮುಂದಿನ ಪತ್ರದಲ್ಲಿ ತಿಳಿಸಿ.