ಬೆಲೆ ಏರಿದರೆ ತಪ್ಪು ಯಾರದ್ದು?

ಓದುಗರ ಪತ್ರ: "ಬೆಲೆ ಏರಿಕೆ ಕುರಿತ ನಿಮ್ಮ ಲೇಖನ ಚೆನ್ನಾಗಿತ್ತು. ಆದರೆ ಅದರಲ್ಲಿ ಬಂದ ಹೆಸರುಗಳೆಲ್ಲ ಯುರೋಪಿನವು. ಇಬ್ನ್ ಖಲ್ದೂನ್ ಎಂಬ ಅರಬ್ ಪಂಡಿತರು ಆಧುನಿಕ ಅರ್ಥಶಾಸ್ತ್ರದ ಪಿತಾಮಹ ಆಡಂ ಸ್ಮಿತ್‌ಗಿಂತ ನಾಲ್ಕು ನೂರು ವರ್ಷ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಿದ್ದರು ಎಂದು ನನ್ನ ಗೆಳೆಯರೊಬ್ಬರು ವಾದಿಸುತ್ತಾರೆ. ಬಡ್ಡಿಯೇ ಬೇಡ ಎನ್ನುವ ಧರ್ಮದಲ್ಲಿ ಅರ್ಥಶಾಸ್ತ್ರ ಹೇಗೆ ಬೆಳೆದೀತು ಅನ್ನೋದು ನನ್ನ ಅನುಮಾನ. ನಿಜ ಯಾವುದು? ಓದಲು ಏನಾದರೂ ಇದೆಯೇ?"
— ನಿವೃತ್ತ ವಾಣಿಜ್ಯ ಉಪನ್ಯಾಸಕರು, ಶಿವಮೊಗ್ಗ

ನಮಸ್ಕಾರ ಮೇಷ್ಟ್ರೇ,

ನಿಮ್ಮ ಗೆಳೆಯರ ಮಾತು ಸ್ವಲ್ಪ ಜಾಸ್ತಿಯಾಯ್ತು. ಆದರೆ ನಿಮ್ಮ ಅನುಮಾನವನ್ನೂ ನಾನು ಒಪ್ಪಲಾರೆ.

ಬಡ್ಡಿಯ ವಿಷಯ ಮೊದಲು ಮುಗಿಸಿಬಿಡೋಣ. ಇಸ್ಲಾಂ ಬಡ್ಡಿಯನ್ನು ಬೇಡ ಎಂದಿತು. ವ್ಯಾಪಾರವನ್ನಾಗಲಿ ಲಾಭವನ್ನಾಗಲಿ ಬೇಡ ಎನ್ನಲಿಲ್ಲ. ಒಬ್ಬರ ಬಂಡವಾಳ, ಇನ್ನೊಬ್ಬರ ದುಡಿಮೆ. ಲಾಭ ಬಂದರೆ ಮೊದಲೇ ಮಾತಾಡಿಕೊಂಡ ಪಾಲು. ಹಣ ಮುಳುಗಿದರೆ ನಷ್ಟ ಬಂಡವಾಳ ಹಾಕಿದವರಿಗೆ. ಇದಕ್ಕೆ ಮುದಾರಬಾ ಎಂದು ಹೆಸರು. ನಮ್ಮ ಹುಂಡಿಯನ್ನು ಹೋಲುವ ಸುಫ್ತಜ ಎಂಬ ಪತ್ರವೂ ಇತ್ತು. ಈ ವ್ಯಾಪಾರದ ಜಾಲ ನಮ್ಮ ಕರಾವಳಿಯವರೆಗೂ ಬಂದಿತ್ತು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು, ಯೆಮೆನ್ ದೇಶದ ಬಂದರು ಏಡನ್‌ನ ವರ್ತಕರ ಜೊತೆ ಮೆಣಸು, ಕಬ್ಬಿಣದ ಲೆಕ್ಕ ಮಾತಾಡಿದ ಪತ್ರಗಳು ಕೈರೋದಲ್ಲಿ ಯಹೂದಿಗಳ ಹಳೇ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಸಿಕ್ಕಿವೆ. ಇಷ್ಟು ದೊಡ್ಡ ವಹಿವಾಟು ನಡೆಯುವ ಕಡೆ ಅದರ ಬಗ್ಗೆ ಯೋಚಿಸುವವರೂ ಇದ್ದೇ ಇರುತ್ತಾರೆ, ಅಲ್ವಾ?

ಅವರ ಯೋಚನೆ ಎಲ್ಲಿಂದ ಶುರುವಾಯಿತು ಅನ್ನೋದು ನನಗೆ ಎಲ್ಲಕ್ಕಿಂತ ಮುಖ್ಯ. ಒಮ್ಮೆ ಮದೀನಾದಲ್ಲಿ ಬೆಲೆ ಏರಿತು. ಜನ ಬಂದು, ನೀವೇ ಬೆಲೆ ಕಟ್ಟಿಕೊಡಿ ಎಂದು ಪ್ರವಾದಿ ಮುಹಮ್ಮದರನ್ನು ಕೇಳಿಕೊಂಡರು. ಅವರು ಒಪ್ಪಲಿಲ್ಲ. ಬೆಲೆ ನಿಗದಿ ಮಾಡುವವನು ದೇವರು, ಯಾರ ಸ್ವತ್ತಿನ ವಿಷಯದಲ್ಲೂ ಅನ್ಯಾಯ ಮಾಡಿದ ದೂರು ಹೊತ್ತು ನಾನು ಅವನ ಮುಂದೆ ನಿಲ್ಲಲಾರೆ ಎಂದರು. ಹದೀಸ್‌ಗಳಲ್ಲಿ, ಅಂದರೆ ಪ್ರವಾದಿಯ ನಡೆನುಡಿಯ ದಾಖಲೆಗಳಲ್ಲಿ, ಈ ಪ್ರಸಂಗ ಇದೆ. ಮುಂದಿನ ಪಂಡಿತರಿಗೆ ಇದು ದೊಡ್ಡ ತಲೆನೋವಾಯಿತು. ಬೆಲೆ ಏರಿದ್ದು ಯಾರ ತಪ್ಪೂ ಇಲ್ಲದೆಯೋ, ಯಾರೋ ಮಾಡಿದ ಅನ್ಯಾಯದಿಂದಲೋ? ಅದನ್ನು ಗುರುತಿಸುವುದು ಹೇಗೆ? ಅವರ ಅರ್ಥಶಾಸ್ತ್ರದ ಬಹುಪಾಲು ಈ ಪ್ರಶ್ನೆಯ ಸುತ್ತಲೇ ಬೆಳೆಯಿತು ಎಂದು ನಾನು ಓದಿಕೊಂಡಿದ್ದೇನೆ.

ಖಲೀಫ ಹಾರೂನ್ ಅಲ್ ರಶೀದ್‌ನ ಮುಖ್ಯ ನ್ಯಾಯಾಧೀಶರಾಗಿದ್ದ ಅಬೂ ಯೂಸುಫ್ (ತೀರಿಕೊಂಡಿದ್ದು 798ರಲ್ಲಿ) ಕಂದಾಯದ ಬಗ್ಗೆಯೇ ಒಂದು ಪುಸ್ತಕ ಬರೆದರು. ಬೆಳೆ ಬರಲಿ ಬಿಡಲಿ ಇಷ್ಟು ಕಟ್ಟಲೇಬೇಕು ಅನ್ನೋ ಪದ್ಧತಿ ಬೇಡ, ಬೆಳೆದದ್ದರಲ್ಲಿ ಪಾಲು ತೆಗೆದುಕೊಳ್ಳಿ ಎಂಬುದು ಅವರ ಸಲಹೆ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ದವಸ ಬೇಕಾದಷ್ಟಿದ್ದರೂ ಒಮ್ಮೊಮ್ಮೆ ಬೆಲೆ ಜಾಸ್ತಿ ಇರುತ್ತದೆ, ಕಡಿಮೆ ಇದ್ದಾಗಲೂ ಅಗ್ಗಕ್ಕೆ ಸಿಗುತ್ತದೆ ಎನ್ನುತ್ತಾರೆ. ಕಾರಣವನ್ನು ಅವರು ಬಿಡಿಸಿ ಹೇಳುವುದಿಲ್ಲ. ಆದರೆ ಪೇಟೆಯನ್ನು ಕಣ್ಣಿಟ್ಟು ನೋಡಿದವರ ಮಾತು ಅದು.

ಡಮಾಸ್ಕಸ್‌ನ ಇಬ್ನ್ ತೈಮಿಯಾ (1263–1328) ಇದನ್ನು ಇನ್ನಷ್ಟು ಬಿಡಿಸಿದರು. ಜನ ಮೋಸವಿಲ್ಲದೆ ಮಾರುತ್ತಿದ್ದಾರೆ, ಸರಕು ಕಡಿಮೆಯಾಗಿಯೋ ಕೊಳ್ಳುವವರು ಹೆಚ್ಚಾಗಿಯೋ ಬೆಲೆ ಏರಿದೆ ಅಂದುಕೊಳ್ಳಿ. ಆಗ ಇಷ್ಟಕ್ಕೇ ಮಾರು ಎಂದು ಅವರನ್ನು ಬಲವಂತ ಮಾಡಿದರೆ ಅದೇ ಅನ್ಯಾಯ. ಆದರೆ ಜನ ಹಸಿದಿರುವಾಗ ದವಸ ಬಚ್ಚಿಟ್ಟು ಮಾರದೆ ಕೂತವರನ್ನು ಪೇಟೆಯ ಸಾಮಾನ್ಯ ಬೆಲೆಗೆ ಮಾರುವಂತೆ ಮಾಡಬಹುದು, ಮಾಡಲೇಬೇಕು. ಬೇರೆ ವಿಷಯಗಳಲ್ಲಿ ತುಂಬಾ ಕಟ್ಟುನಿಟ್ಟಿನ ವ್ಯಕ್ತಿ ಎಂದು ಹೆಸರಾದವರು ಇವರು. ಪೇಟೆಯ ವಿಷಯದಲ್ಲಿ ಅವರ ವಿವೇಕ ನನಗೆ ತುಂಬಾ ಹಿಡಿಸುತ್ತದೆ.

ಹಣದ ಬಗ್ಗೆ ಕೇಳಿದರೆ ಅಲ್ ಗಜಾಲಿ (1058–1111) ನೆನಪಾಗುತ್ತಾರೆ. ಹಣ ಕನ್ನಡಿಯ ಹಾಗೆ, ತನಗೆ ಬಣ್ಣವಿಲ್ಲ, ಎಲ್ಲ ಬಣ್ಣವನ್ನೂ ತೋರಿಸುತ್ತದೆ ಎಂದವರು ಅವರು. ಖೋಟಾ ನಾಣ್ಯದ ಬಗ್ಗೆ ಹಿಂದಿನವರ ಒಂದು ಮಾತನ್ನೂ ಅವರು ದಾಖಲಿಸಿದ್ದಾರೆ: ಒಂದು ಖೋಟಾ ದಿರ್ಹಮ್ (ಬೆಳ್ಳಿ ನಾಣ್ಯ) ಚಲಾಯಿಸುವುದು ನೂರು ದಿರ್ಹಮ್ ಕದಿಯುವುದಕ್ಕಿಂತ ಕೆಟ್ಟದ್ದು. ಕಳ್ಳತನ ಒಂದು ಸಲಕ್ಕೆ ಮುಗಿಯುತ್ತದೆ. ಖೋಟಾ ನಾಣ್ಯ ಮಾತ್ರ ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ.

ಇನ್ನು ನಿಮ್ಮ ಗೆಳೆಯರ ಇಬ್ನ್ ಖಲ್ದೂನ್. ಟ್ಯುನಿಸ್‌ನಲ್ಲಿ 1332ರಲ್ಲಿ ಹುಟ್ಟಿ, 1377ರಲ್ಲಿ 'ಮುಕದ್ದಿಮಾ' ಎಂಬ ಇತಿಹಾಸದ ಪೀಠಿಕೆ ಬರೆದು, 1406ರಲ್ಲಿ ಕೈರೋದಲ್ಲಿ ತೀರಿಕೊಂಡರು. ಸ್ಮಿತ್ ಪುಸ್ತಕ ಬಂದಿದ್ದು 1776ರಲ್ಲಿ, ಹಾಗಾಗಿ ನಾಲ್ಕು ನೂರು ವರ್ಷದ ಲೆಕ್ಕ ಸರಿಯೇ. ರಾಜವಂಶದ ಆರಂಭದಲ್ಲಿ ತೆರಿಗೆ ಕಡಿಮೆ, ಬರುವ ಹಣ ಜಾಸ್ತಿ. ಕೊನೆಗಾಲದಲ್ಲಿ ತೆರಿಗೆ ಜಾಸ್ತಿ, ಬರುವ ಹಣ ಕಡಿಮೆ ಎಂಬ ಅವರ ಮಾತನ್ನು 1981ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲೇ ನೆನೆದರು. ಅದರಿಂದ ಆ ಮಾತು ತುಂಬಾ ಪ್ರಸಿದ್ಧವಾಯಿತು. ನನಗೆ ಅದಕ್ಕಿಂತ ಇಷ್ಟವಾಗುವುದು ಊರುಗಳ ಬಗ್ಗೆ ಅವರು ಕಂಡದ್ದು. ದೊಡ್ಡ ಊರಿನಲ್ಲಿ ದವಸ ಅಗ್ಗ, ಶೋಕಿಯ ಸಾಮಾನು ದುಬಾರಿ. ಸಣ್ಣ ಊರಿನಲ್ಲಿ ಇದು ತಿರುಗುಮುರುಗು. ದೊಡ್ಡ ಊರಿನಲ್ಲಿ ಪ್ರತಿ ಮನೆಯೂ ದವಸ ಕೂಡಿಡುವುದರಿಂದ ಒಟ್ಟಾರೆ ಮಿಗುತ್ತದೆ. ಶೋಕಿಯ ಸಾಮಾನಿಗೆ ಮಾತ್ರ ಕೈಯಲ್ಲಿ ಕಾಸಿರುವವರೆಲ್ಲ ಮುಗಿಬೀಳುತ್ತಾರೆ. ರಾಜ ತಾನೇ ವ್ಯಾಪಾರಕ್ಕೆ ಇಳಿದರೆ ಪ್ರಜೆಗಳು ಹಾಳಾಗುತ್ತಾರೆ ಎಂದೂ ಅವರು ಒಂದು ಭಾಗದಲ್ಲಿ ಬರೆದಿದ್ದಾರೆ. ರಾಜನ ಜೊತೆ ಚೌಕಾಸಿ ಮಾಡುವ ಧೈರ್ಯ ಯಾವ ವರ್ತಕನಿಗಿದೆ?

ಆದರೆ ಮೇಷ್ಟ್ರೇ, ನೀವು ಒಬ್ಬರನ್ನೇ ಓದುವುದಾದರೆ ಇಬ್ನ್ ಖಲ್ದೂನ್ ಅವರ ಪಾಠ ಕೇಳಿದ ಅಲ್ ಮಕ್ರೀಜಿಯನ್ನು (1364–1442) ಓದಿ. ಇವರು ಕೈರೋದಲ್ಲಿ ಮುಹ್ತಸಿಬ್ ಆಗಿದ್ದರು. ಅಂದರೆ ತೂಕ, ಅಳತೆ, ರೊಟ್ಟಿ ಸುಡುವವರು, ವರ್ತಕರು, ಎಲ್ಲರ ಮೇಲೂ ಕಣ್ಣಿಡುವ ಪೇಟೆ ಅಧಿಕಾರಿ. 1403ರಲ್ಲಿ ನೈಲ್ ನದಿ ಬೇಕಾದಷ್ಟು ಏರಲಿಲ್ಲ. ಈಜಿಪ್ಟ್‌ನಲ್ಲಿ ಬರ ಬಿತ್ತು, ಜನ ಸತ್ತರು, ಬೆಲೆ ಗಗನಕ್ಕೇರಿತು. 1405ರಲ್ಲಿ ಅವರು ಇದರ ಮೇಲೆ ಒಂದು ಸಣ್ಣ ಪುಸ್ತಕ ಬರೆದರು. ಈಜಿಪ್ಟ್‌ನ ಹಳೇ ಬರಗಾಲಗಳನ್ನೆಲ್ಲ ಒಂದೊಂದಾಗಿ ಹೇಳಿ ಕೊನೆಗೆ ಕೇಳುತ್ತಾರೆ: ಹಿಂದೆಯೂ ನೈಲ್ ಕೈಕೊಟ್ಟಿತ್ತು, ಆಮೇಲೆ ಎಲ್ಲ ಸರಿಹೋಗುತ್ತಿತ್ತು. ಈ ಸಲದ ಕಷ್ಟ ಯಾಕೆ ಮುಗಿಯುತ್ತಿಲ್ಲ?

ಅವರ ಪ್ರಕಾರ ಕಾರಣ ಮೂರು. ಹುದ್ದೆಗಳು ಲಂಚಕ್ಕೆ ಮಾರಾಟವಾಗುತ್ತಿದ್ದವು. ಸಾಲ ಮಾಡಿ ಹುದ್ದೆ ಕೊಂಡವನು ಆ ಸಾಲವನ್ನು ಜನರಿಂದಲೇ ಹಿಂಡುತ್ತಿದ್ದ, ರೈತರು ಊರು ಬಿಟ್ಟು ಓಡುತ್ತಿದ್ದರು. ಎರಡನೆಯದು ಗೇಣಿ. ಸೇನಾ ನಾಯಕರಾದ ಅಮೀರರ ಕೈಕೆಳಗಿನವರು ಅದನ್ನು ವರ್ಷ ವರ್ಷವೂ ಏರಿಸಿದರು. ಉಳುವ, ಬಿತ್ತುವ, ಕೊಯ್ಯುವ ಖರ್ಚೂ ಏರಿತು. ಬೇಸಾಯ ಗಿಟ್ಟದೆ ಹೊಲಗಳು ಪಾಳುಬಿದ್ದವು. ಮೂರನೆಯದು ತಾಮ್ರದ ಕಾಸು. ಸುಲ್ತಾನ್ ಬರ್ಕೂಕ್‌ನ ಕಾಲದಲ್ಲಿ ಅಧಿಕಾರಿಗಳು ಯುರೋಪಿನಿಂದ ತಾಮ್ರ ತರಿಸಿ, ಲಾಭಕ್ಕಾಗಿ ಫುಲೂಸ್ ಎಂಬ ಕಾಸನ್ನು ರಾಶಿ ರಾಶಿ ಅಚ್ಚು ಹಾಕಿಸಿದರು. ಬೆಳ್ಳಿಯ ದಿರ್ಹಮ್ ಕೆಲವು ಕರಗಿ ಒಡವೆಯಾದವು, ಕೆಲವು ದೇಶ ಬಿಟ್ಟು ಹೋದವು. ತರಕಾರಿ ಕೊಳ್ಳುವ ಚಿಲ್ಲರೆಯಾಗಿದ್ದ ತಾಮ್ರವೇ ಮನೆ, ಬಟ್ಟೆ, ಸಂಬಳ ಎಲ್ಲದರ ಲೆಕ್ಕವಾಯಿತು.

ಇಲ್ಲಿ ಅವರು ಮಾಡಿದ ಒಂದು ಕೆಲಸಕ್ಕೆ ನಾನು ತಲೆಬಾಗುತ್ತೇನೆ. ಪೇಟೆಯ ಬೆಲೆಗಳನ್ನು ಬಂಗಾರ, ಬೆಳ್ಳಿಗೆ ಪರಿವರ್ತಿಸಿ ನೋಡಿದರು. ಹಾಗೆ ನೋಡಿದರೆ ಏರಿಕೆ ಸ್ವಲ್ಪವೇ. ತಾಮ್ರದಲ್ಲಿ ಎಣಿಸಿದರೆ ಮಾತ್ರ ವಿಪರೀತ. ಸರಕಿನ ಬೆಲೆ ಏರಿದ್ದಕ್ಕಿಂತ ಹಣದ ಬೆಲೆ ಬಿದ್ದದ್ದೇ ಹೆಚ್ಚು ಎಂದು ಕಂಡುಕೊಂಡರು. ಆಮೇಲೆ ಜನರನ್ನು ಏಳು ವರ್ಗ ಮಾಡಿ, ಯಾರಿಗೆ ಎಷ್ಟು ಪೆಟ್ಟು ಬಿತ್ತು ಎಂದು ಲೆಕ್ಕ ಹಾಕಿದರು. ತಮ್ಮ ಆದಾಯ ಹೆಚ್ಚಿದೆ ಎಂದುಕೊಂಡ ಆಳುವವರೂ ಮೋಸಹೋಗಿದ್ದಾರೆ, ಆ ಹಣಕ್ಕೆ ಈಗ ಸಿಗುವುದು ಕಡಿಮೆ ಎಂದು ತೋರಿಸಿದರು. 600 ವರ್ಷಗಳ ಹಿಂದಿನ ಮಾತಿದು!

ತಾಮ್ರದ ನಾಣ್ಯ ಅಂದ ಕೂಡಲೇ ನಿಮಗೆ ತುಘಲಕ್ ನೆನಪಾಗಿರಬೇಕು. ಅದು ಸುಮಾರು 1330ರ ಮಾತು, ಮಕ್ರೀಜಿಗಿಂತ ಮುಂಚಿನದು. ಅಲ್ಲಿ ತಾಮ್ರವನ್ನೇ ಬೆಳ್ಳಿ ಎಂದುಕೊಳ್ಳಿ ಎಂದು ಸುಲ್ತಾನ ಹೇಳಿದ, ಖೋಟಾ ನಾಣ್ಯ ತುಂಬಿಹೋಯಿತು. ಕೈರೋದಲ್ಲಿ ಆದದ್ದು ಬೇರೆ ರೀತಿಯ ಅನಾಹುತ.

ಮಕ್ರೀಜಿ ಹೇಳಿದ್ದನ್ನೆಲ್ಲ ಹಾಗೇ ಒಪ್ಪಬೇಕಿಲ್ಲ. ಆ ಕಾಲದಲ್ಲಿ ಯುರೋಪಿನಲ್ಲೂ ಬೆಳ್ಳಿಗೆ ಬರ ಬಂದಿತ್ತು. 1347ರಿಂದ ಮತ್ತೆ ಮತ್ತೆ ಬಂದ ಪ್ಲೇಗ್ ಹಳ್ಳಿಗಳನ್ನೇ ಖಾಲಿ ಮಾಡಿತ್ತು. ಎಲ್ಲವನ್ನೂ ಅಧಿಕಾರಿಗಳ ದುರಾಸೆಯ ತಲೆಗೆ ಕಟ್ಟಲು ಆಗುವುದಿಲ್ಲ. ಅವರು ಆ ಸರ್ಕಾರದ ಮೇಲೆ ಸಿಟ್ಟಾಗಿದ್ದರು, ಅದು ಪುಟಪುಟದಲ್ಲೂ ಕಾಣುತ್ತದೆ. ಆ ಸಿಟ್ಟು ಇಲ್ಲದಿದ್ದರೆ ಇಷ್ಟು ಲೆಕ್ಕ ಹಾಕುತ್ತಿದ್ದರೇ ಅನ್ನೋದು ನನ್ನ ಪ್ರಶ್ನೆ.

ಇವರ ಹೆಸರುಗಳು ನಮಗೆ ಯಾಕೆ ಗೊತ್ತಿಲ್ಲ? ಜೋಸೆಫ್ ಶುಂಪೀಟರ್ ಅವರ ಅರ್ಥಶಾಸ್ತ್ರದ ದೊಡ್ಡ ಇತಿಹಾಸ 1954ರಲ್ಲಿ ಬಂತು. 13ನೇ ಶತಮಾನದ ಕ್ರೈಸ್ತ ಪಂಡಿತ ಥಾಮಸ್ ಅಕ್ವಿನಾಸ್ ಕಾಲಕ್ಕೆ ಬರುವ ಮುಂಚಿನ 500 ವರ್ಷಗಳನ್ನು ಹಾರಿಹೋಗಬಹುದು ಎಂದು ಅದರಲ್ಲಿ ಬರೆದರು. ಅಬೂ ಯೂಸುಫ್ ನಂತರದ ತಲೆಮಾರುಗಳೂ ಗಜಾಲಿಯೂ ಬರುವುದು ಆ 500 ವರ್ಷಗಳಲ್ಲೇ. ನಮ್ಮ ಕಾಲೇಜುಗಳೂ ಅದೇ ದಾರಿ ಹಿಡಿದವು. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಾಗಂತ ಇವರನ್ನು ಸ್ಮಿತ್‌ಗಿಂತ ಮುಂಚಿನ ಸ್ಮಿತ್ ಎಂದು ಕರೆಯುವುದು ಬೇಡ ಎಂದು ನಿಮ್ಮ ಗೆಳೆಯರಿಗೆ ತಿಳಿಸಿ. ಸ್ಮಿತ್ ಇವರನ್ನು ಓದಿದ್ದರು ಎನ್ನಲು ಆಧಾರವಿಲ್ಲ. ಇವರ ಪ್ರಶ್ನೆಗಳೂ ಬೇರೆ. ಸಂಪತ್ತು ಹೇಗೆ ಬೆಳೆಯುತ್ತದೆ ಅನ್ನೋದು ಸ್ಮಿತ್ ಅವರ ಪ್ರಶ್ನೆ. ಪೇಟೆಯಲ್ಲಿ ಬಡವನ ಮೇಲೆ ಅನ್ಯಾಯ ಎಲ್ಲಿಂದ ಬರುತ್ತದೆ ಎಂದು ಇವರಲ್ಲಿ ಹಲವರು ಕೇಳಿದರು.

ಓದುವುದಾದರೆ ಮಕ್ರೀಜಿಯ ಪುಸ್ತಕ 1994ರಲ್ಲಿ ಇಂಗ್ಲಿಷಿಗೆ ಬಂದಿದೆ. 'ಮುಕದ್ದಿಮಾ' ದೊಡ್ಡದು, ಇಂಗ್ಲಿಷಿನಲ್ಲಿ ಮೂರು ಸಂಪುಟ. ತೆರಿಗೆಯ ವಿಷಯಕ್ಕೆ ಮೂರನೇ ಅಧ್ಯಾಯ, ದುಡಿಮೆ ಮತ್ತು ಕಸುಬುಗಳಿಗೆ ಐದನೇ ಅಧ್ಯಾಯ ನೋಡಿ. ಓದಿದ ಮೇಲೆ ಗೆಳೆಯರ ಜೊತೆ ಮತ್ತೆ ವಾದ ಮಾಡಿ, ಏನಾಯಿತು ಎಂದು ನಮಗೂ ಬರೆಯಿರಿ.

— ಸಂಪಾದಕ