ಬಕೆಟ್‌ಗೆ ಉಸಿರು ಕಟ್ಟಿದೆ

ಪತ್ರ: ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಅಡುಗೆಮನೆ ಕಸದಿಂದ ಗೊಬ್ಬರ ಮಾಡಲು ಹೊರಟೆ. ಮೂರೇ ವಾರಕ್ಕೆ ನಾತ, ಬೂದುಬಣ್ಣದ ದಪ್ಪ ಹುಳ. ಹಾಸನದ ಹಳ್ಳಿಯಲ್ಲಿ ಬೆಳೆದ ನಮ್ಮತ್ತೆ ‘ಮನೆಯೊಳಗೆ ತಿಪ್ಪೆ ಯಾಕೆ’ ಅಂತ ಬೈಯುತ್ತಾರೆ. ಹೇಗೂ ಕಸದ ಗಾಡಿ ಬರುತ್ತದಲ್ಲ, ಬಿಟ್ಟುಬಿಡಲೇ? — ಓದುಗರೊಬ್ಬರು, ಬೆಂಗಳೂರು

ಸಂಪಾದಕರ ಉತ್ತರ: ದಯವಿಟ್ಟು ಬಿಡಬೇಡಿ. ನಿಮ್ಮ ಬಕೆಟ್‌ಗೆ ಉಸಿರು ಕಟ್ಟಿದೆ, ಅಷ್ಟೇ.

ಅನ್ನ, ತರಕಾರಿ ಸಿಪ್ಪೆ, ಕಾಫಿ ಚರಟ ಎಲ್ಲದರಲ್ಲೂ ನೀರು ಜಾಸ್ತಿ. ಒಂದರ ಮೇಲೊಂದು ಬಿದ್ದು ಮೆತ್ತಿಕೊಂಡರೆ ಒಳಗೆ ಗಾಳಿ ಆಡುವುದಿಲ್ಲ. ಆಗ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೆಲಸ ಶುರುಮಾಡುತ್ತವೆ. ಆ ಕೊಳೆತ ನಾತ ಅವುಗಳಿಂದ ಬರುವುದು. ಇದಕ್ಕೆ ಮದ್ದು ಸುಲಭ. ಒಂದು ಬಟ್ಟಲು ಹಸಿ ಕಸ ಹಾಕಿದ ಮೇಲೆ ಅಷ್ಟೇ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಮುಚ್ಚಿ. ಹಳೇ ಪೇಪರ್ ಹರಿದು ಹಾಕಿದರೂ ಆದೀತು. ಬಕೆಟ್ಟಿನ ತಳಕ್ಕೂ ಪಕ್ಕಕ್ಕೂ ತೂತು ಮಾಡಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ತಿರುವಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಕೈಗೆ ತೇವ ಹತ್ತಬೇಕು, ನೀರು ಸುರಿಯಬಾರದು.

ನೀವು ಕಂಡ ಹುಳ ಬಹುಶಃ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿ. ಕಚ್ಚುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತದೆ. ಒಣಗಿದ್ದು ಸೇರಿಸುತ್ತಾ ಹೋದ ಹಾಗೆ ಕಡಿಮೆಯಾಗುತ್ತದೆ.

ನಿಮ್ಮತ್ತೆಯವರನ್ನು ಒಂದು ಮಾತು ಕೇಳಿ: ಊರಿನ ತಿಪ್ಪೆಗೆ ಏನೇನು ಬೀಳುತ್ತಿತ್ತು? ಸಗಣಿಯ ಜೊತೆ ದನದ ಕಾಲಡಿಯ ಹುಲ್ಲು, ಕಸಬರಿಕೆಗೆ ಸಿಕ್ಕ ತರಗು, ಒಲೆಯ ಬೂದಿ ನೆನಪಾಗುತ್ತವೆ ನೋಡಿ. ನಿಮ್ಮ ಬಕೆಟ್‌ನಲ್ಲಿ ಇಲ್ಲದಿರುವುದು ಅವೇ. ಅವರ ಕೈಗೇ ಈ ಕೆಲಸ ಕೊಟ್ಟರೆ ನಿಮಗಿಂತ ಚೆನ್ನಾಗಿ ಮಾಡಿಯಾರು.

ಗಾಡಿಯ ಮಾತು. ವರ್ಷಗಟ್ಟಲೆ ಬೆಂಗಳೂರಿನ ಕಸ ನಗರದಾಚೆಯ ಹಳ್ಳಿಗಳಾದ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಯಿತು. ಹಸಿ, ಒಣ ಎಲ್ಲ ಬೆರೆತು ಅಲ್ಲಿ ಬೆಟ್ಟವಾಯಿತು. ಅದರ ರಸ ನೆಲಕ್ಕಿಳಿದು ಅಂತರ್ಜಲ ಕೆಟ್ಟಿತು. ಊರಿನವರು ಹೋರಾಡಿದ ಮೇಲೆ 2012ರಲ್ಲಿ ಮಾವಳ್ಳಿಪುರಕ್ಕೆ, 2014ರ ಕೊನೆಗೆ ಮಂಡೂರಿಗೆ ಕಸ ಸುರಿಯುವುದು ನಿಂತಿತು. ನಿಮಗೆ ಮೂರು ವಾರಕ್ಕೇ ಸಾಕಾದ ನಾತದಲ್ಲಿ ಆ ಜನ ಮಕ್ಕಳನ್ನು ಬೆಳೆಸಿದರು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಮನೆ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿಯದ್ದೇ ಅಲ್ವಾ? ಅದನ್ನು ನೀವೇ ಇಟ್ಟುಕೊಂಡರೆ ಗಾಡಿಗೆ ಒಣ ಕಸ ಮಾತ್ರ ಉಳಿಯುತ್ತದೆ. ಹಾಲಿನ ಕವರ್ ತೊಳೆದು ಒಣಗಿಸಿ ಕೊಡಿ, ಅದು ಮರುಬಳಕೆಗೆ ಹೋಗುತ್ತದೆ.

ಎರಡು ಮೂರು ತಿಂಗಳಲ್ಲಿ ಗೊಬ್ಬರ ಕಪ್ಪಗೆ ಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಆಗ ಜರಡಿ ಹಿಡಿದು, ಒಂದು ಪಾಲಿಗೆ ಎರಡು ಪಾಲು ಮಣ್ಣು ಬೆರೆಸಿ. ಜರಡಿಯಲ್ಲಿ ಉಳಿದ ಚೂರನ್ನು ಮತ್ತೆ ಬಕೆಟ್‌ಗೇ ಹಾಕಿ, ಮುಂದಿನ ಸಲ ಅದೇ ಹೆಪ್ಪು.